ತಾರಸಿಯ ಮೇಲೆ ಮೀಟರ್‌ಗೇಜ್: 45 ಮಿ.ಮೀ. ಹಳಿಯ ದೊಡ್ಡ ಮಾದರಿ ರೈಲು ಶುರು ಮಾಡುವುದು ಹೇಗೆ?

ತಾರಸಿವಾಸಿ, ಮೈಸೂರು

ಎಚ್‌ಒ ಎಂಬ ಚಿಕ್ಕ ಮಾದರಿ ರೈಲಿನ ಪರಿಚಯ ಇದೆ: 16.5 ಮಿ.ಮೀ. ಹಳಿ, ಅಂದರೆ ಎರಡು ಹಳಿಗಳ ನಡುವಿನ ಅಂತರ; 1:87 ಅಳತೆ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಈಗ ಅದಕ್ಕಿಂತ ದೊಡ್ಡದನ್ನು ಮನೆಯ ಹೊರಗೆ, ತಾರಸಿಯ ಮೇಲೆ ಓಡಿಸುವ ಯೋಚನೆ. ಸಿಗುವ ಜಾಗ 7 ಮೀಟರ್ ಉದ್ದ, 4 ಮೀಟರ್ ಅಗಲ. ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಬಿಟ್ಟು ಹೇಳುತ್ತಿದ್ದೇನೆ. ಆಸೆ ಇರುವುದು ಹಳೆಯ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಗಾಡಿಯ ಮೇಲೆ: ಮುಂದೆ ವೈಪಿ ಉಗಿ ಎಂಜಿನ್, ಹಿಂದೆ ಐದು ಬೋಗಿ.

ಅಂಗಡಿಗಳ ಪಟ್ಟಿ ನೋಡಿದರೆ ತಲೆ ಕೆಡುತ್ತದೆ. ಎಲ್ಲದಕ್ಕೂ "ಜಿ ಸ್ಕೇಲ್" ಎಂಬ ಹೆಸರು, ಎಲ್ಲದಕ್ಕೂ 45 ಮಿ.ಮೀ. ಹಳಿ. ಆದರೆ ಒಂದರ ಮೇಲೆ 1:22.5, ಇನ್ನೊಂದರ ಮೇಲೆ 1:29, ಮತ್ತೊಂದರ ಮೇಲೆ 1:32. ನನಗೆ ಯಾವುದು? ಈ ಜಾಗ ಸಾಲುತ್ತದೆಯೇ? ಬಿಸಿಲು, ಮಳೆಗೆ ಹಳಿ ತಡೆಯುತ್ತದೆಯೇ? ಕರೆಂಟ್ ಹಳಿಯಿಂದಲೋ ಬ್ಯಾಟರಿಯಿಂದಲೋ? ತಾರಸಿಗೆ ವಾಟರ್‌ಪ್ರೂಫಿಂಗ್ ಆಗಿದೆ, ಹಾಗಾಗಿ ಒಂದು ಮೊಳೆ ಹೊಡೆಯಲೂ ಮನೆಯಲ್ಲಿ ಬಿಡುವುದಿಲ್ಲ.

ಹಳಿಲೆಕ್ಕ

ಮಾದರಿಯ ಹಳಿ ಒಂದೇ, ಅದು ಯಾವ ನಿಜವಾದ ಹಳಿಗೆ ಪ್ರತಿರೂಪ ಎಂಬುದು ಬೇರೆ ಬೇರೆ. ನಿಜವಾದ ಗೇಜನ್ನು 45ರಿಂದ ಭಾಗಿಸಿ ನೋಡಿ.

1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್ ÷ 45 = 31.9. ಇದು 1:32, ಒಂದನೇ ಗೇಜ್ ಅನ್ನುತ್ತಾರೆ.
1000 ಮಿ.ಮೀ. ಮೀಟರ್‌ಗೇಜ್ ÷ 45 = 22.2. ಇದು 1:22.5, ಜರ್ಮನಿಯ ಮಾದರಿ ರೈಲು ಕಂಪನಿ ಎಲ್‌ಜಿಬಿಯ ಅಳತೆ.
914 ಮಿ.ಮೀ. ಅಂದರೆ ಅಮೆರಿಕದ ಮೂರಡಿ ಗೇಜ್ ÷ 45 = 20.3. ಇದು 1:20.3.

1:29 ಮಾತ್ರ ಯಾವ ಭಾಗಾಕಾರದಿಂದಲೂ ಬರುವುದಿಲ್ಲ. ಸ್ಟ್ಯಾಂಡರ್ಡ್ ಗೇಜ್ ಗಾಡಿಗಳು 1:32ರಲ್ಲಿ ಎಲ್‌ಜಿಬಿ ಪಕ್ಕ ನಿಂತರೆ ಸಣ್ಣದಾಗಿ ಕಾಣುತ್ತವೆ ಎಂದು ಕೆಲವು ಅಮೆರಿಕನ್ ತಯಾರಕರು ಹಿಗ್ಗಿಸಿದ ಅಳತೆ ಅದು. 1:29ಕ್ಕೆ 45 ಮಿ.ಮೀ. ಎಂದರೆ ನಿಜದಲ್ಲಿ 1305 ಮಿ.ಮೀ.; ಇರಬೇಕಾದ್ದಕ್ಕಿಂತ 130 ಕಡಿಮೆ. ಎದುರಿನಿಂದ ನೋಡಿದರೆ ಒಡಲು ಅಗಲ, ಕಾಲು ಕಿರಿದು ಎನಿಸುವುದು ಅದಕ್ಕೇ.

ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. 1:32ರಲ್ಲಿ ಅದಕ್ಕೆ 52.4 ಮಿ.ಮೀ. ಹಳಿ ಬೇಕು. 45ರ ಮೇಲೆ ನಿಲ್ಲಿಸಿದರೆ 7 ಮಿ.ಮೀ. ಸುಳ್ಳು. ಡಾರ್ಜಿಲಿಂಗ್, ಮಾಥೇರಾನ್‌ನ 610 ಮಿ.ಮೀ. ಗೇಜಿಗೆ 32 ಮಿ.ಮೀ. ಹಳಿ, 1:19 ಅಳತೆ ಸರಿಹೋಗುತ್ತದೆ. ಬಂಗಾರಪೇಟೆ–ಕೋಲಾರ–ಚಿಕ್ಕಬಳ್ಳಾಪುರದ ಹಳೆಯ 762 ಮಿ.ಮೀ. ಲೈನ್ ಮಾಡುವವರಿದ್ದರೆ ಅದೇ 32 ಮಿ.ಮೀ. ಹಳಿಯ ಮೇಲೆ 1:24 ಕರಾರುವಾಕ್ಕು. ಯಾರೂ ಮಾಡುತ್ತಿಲ್ಲವಲ್ಲ ಎನ್ನುವುದೇ ಬೇಸರ.

ನಿಮ್ಮ ಅದೃಷ್ಟ ಚೆನ್ನಾಗಿದೆ. ಮೀಟರ್‌ಗೇಜ್ ಬೇಕೆಂದವರಿಗೆ 45 ಮಿ.ಮೀ. ಹಳಿ, 1:22.5 ಅಳತೆ ಹೇಳಿ ಮಾಡಿಸಿದ ಜೋಡಿ. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ, ಜರ್ಮನಿಯ ಹಾರ್ಟ್ಸ್ ಲೈನ್ ಎರಡೂ ಮೀಟರ್‌ಗೇಜ್. ಅವುಗಳ ಎಲ್‌ಜಿಬಿ ಮಾದರಿಯ ಹಳಿ-ಒಡಲಿನ ಅನುಪಾತ ಸರಿ ಇರುತ್ತದೆ. ಆದರೆ ಒಂದೇ ಕಂಪನಿಯ ಡಬ್ಬ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದುಕೊಳ್ಳಬೇಡಿ. 1968ರಲ್ಲಿ ಬಂದ ಎಲ್‌ಜಿಬಿಯ ಮೊದಲ ಎಂಜಿನ್ ಸ್ಟೈನ್ಸ್, ಆಸ್ಟ್ರಿಯದ 760 ಮಿ.ಮೀ. ಗೇಜಿನದು. 1:22.5ರಲ್ಲಿ ಅದರ ಹಳಿ 34 ಮಿ.ಮೀ. ಇರಬೇಕಿತ್ತು.

ವೈಪಿ ಸಿದ್ಧವಾಗಿ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬಿ ಯೋಜನೆ ಹಾಕಬೇಡಿ. ಬೇರೆ ಎಂಜಿನ್ನಿನ ಚಾಸಿ ತಂದು ಮೇಲೆ ಒಡಲು ಕಟ್ಟಬೇಕಾಗುತ್ತದೆ. ವೈಪಿ 4-6-2 (ಮುಂದೆ 4, ನಡುವೆ ಎಂಜಿನ್ ಎಳೆಯುವ 6 ದೊಡ್ಡ, ಹಿಂದೆ 2 ಚಕ್ರ), ಅದರ ದೊಡ್ಡ ಚಕ್ರದ ವ್ಯಾಸ 1372 ಮಿ.ಮೀ., ಮಾದರಿಯಲ್ಲಿ 61. ಚಾಸಿ ಹುಡುಕುವಾಗ 58ರಿಂದ 63 ಮಿ.ಮೀ. ಚಕ್ರ ಇರುವುದನ್ನು ನೋಡಿ. ಅದಕ್ಕಿಂತ ಚಿಕ್ಕ ಚಕ್ರ ಹಾಕಿದರೆ ವೈಪಿ ಬದಲು ಗೂಡ್ಸ್ ಎಂಜಿನ್ ವೈಜಿ ಥರ ಕಾಣುತ್ತದೆ.

ತಿರುವು_ತ್ರಿಜ್ಯ, ಸ್ಟಟ್‌ಗಾರ್ಟ್

ಎಂಜಿನ್ ಆಮೇಲೆ. ಮೊದಲು ತಿರುವು ನಿರ್ಧಾರ ಮಾಡಿ, ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಶುರುವಿನ ಸೆಟ್‌ಗಳಲ್ಲಿ ಬರುವ ಎಲ್‌ಜಿಬಿ ಆರ್1 ತಿರುವಿನ ತ್ರಿಜ್ಯ 600 ಮಿ.ಮೀ. ಹನ್ನೆರಡು ತುಂಡಿಗೆ ಒಂದು ಸುತ್ತು. ಆರ್3 ಸುಮಾರು 1.2 ಮೀಟರ್, ಹದಿನಾರು ತುಂಡು. ಆರ್5 ಸುಮಾರು 2.3 ಮೀಟರ್, ಇಪ್ಪತ್ತನಾಲ್ಕು ತುಂಡು. ಆರ್5 ನಿಮ್ಮ 4 ಮೀಟರ್ ಅಗಲದಲ್ಲಿ ಕೂರುವುದೇ ಇಲ್ಲ.

19 ಮೀಟರ್ ಆಸುಪಾಸಿನ ನಿಜವಾದ ಬೋಗಿ 1:22.5ರಲ್ಲಿ 84–85 ಸೆಂ.ಮೀ. ಆಗುತ್ತದೆ. ಅದರ ಅಡಿಯ ಎರಡು ಟ್ರಕ್‌ಗಳ (ಚಕ್ರಗಳನ್ನು ಹೊತ್ತು ತಿರುಗುವ ಚೌಕಟ್ಟು) ನಡುಬಿಂದುಗಳ ಅಂತರ 60 ಸೆಂ.ಮೀ. ಎಂದಿಟ್ಟುಕೊಳ್ಳಿ. ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಗಡೆ ಎಷ್ಟು ಸರಿಯುತ್ತದೆ ಎನ್ನುವುದಕ್ಕೆ ಲೆಕ್ಕ: ಆ ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. 600 ತ್ರಿಜ್ಯದಲ್ಲಿ 75 ಮಿ.ಮೀ., 1200ರಲ್ಲಿ 37, 1500ರಲ್ಲಿ 30. ಬೋಗಿಯ ತುದಿಗಳು ಹೆಚ್ಚುಕಡಿಮೆ ಅಷ್ಟೇ ಹೊರಗೆ ಚಾಚುತ್ತವೆ. 75 ಮಿ.ಮೀ. ಎಂದರೆ ಹಳಿಯ ಅಗಲಕ್ಕಿಂತ ಜಾಸ್ತಿ. ನೋಟ ಕೆಡುವುದು ಹಾಗಿರಲಿ, ಪಕ್ಕದ ಬೋಗಿಯ ಕೊಂಡಿಯನ್ನು ಅಡ್ಡಕ್ಕೆ ಎಳೆದು ಹಳಿ ತಪ್ಪಿಸುತ್ತದೆ. ಎಲ್‌ಜಿಬಿ ತನ್ನ ಎಷ್ಟೋ ಬೋಗಿಗಳನ್ನು ಉದ್ದದಲ್ಲಿ ಮೊಟಕುಗೊಳಿಸಿರುವುದು ಈ ಕಾರಣಕ್ಕೇ. ಶುದ್ಧ ಅಳತೆಯ ಹಟ ಇಲ್ಲದಿದ್ದರೆ ನೀವೂ ಎರಡು ಕಿಟಕಿ ತೆಗೆದು 65 ಸೆಂ.ಮೀ.ಗೆ ಇಳಿಸಿ.

ನನ್ನ ಸಲಹೆ: ಅಂಗಡಿಯ ಬಾಗಿದ ತುಂಡು ಬೇಡ. 1.5 ಮೀಟರ್ ಉದ್ದದ ನೇರ ಹಳಿ, ಬೇರೆಯಾಗಿ ಬರುವ ಸ್ಲೀಪರ್ ಪಟ್ಟಿ ಕೊಂಡು, ಹಳಿ ಬಾಗಿಸುವ ಉಪಕರಣದಿಂದ 1.5 ಮೀಟರ್ ತ್ರಿಜ್ಯಕ್ಕೆ ಬಾಗಿಸಿ. ಅಡ್ಡಕ್ಕೆ 3 ಮೀಟರ್, ಎರಡೂ ಕಡೆ 20 ಸೆಂ.ಮೀ. ಬಿಟ್ಟರೆ 3.4. ಉದ್ದದಲ್ಲೂ ಹಾಗೇ ಬಿಟ್ಟರೆ 6.6 ಮೀಟರ್. ಒಟ್ಟು ಹಳಿ: ಎರಡು ಅರ್ಧವೃತ್ತಕ್ಕೆ 9.4 ಮೀಟರ್, ಎರಡು ನೇರ ಭಾಗಕ್ಕೆ 7.2, ಅಂದರೆ 16.6 ಮೀಟರ್.

ಐದು ಬೋಗಿ ಬೇಡ. 65 ಸೆಂ.ಮೀ.ಯ ಐದು ಬೋಗಿ ಜೊತೆಗೆ ಎಂಜಿನ್ ಸೇರಿ 4 ಮೀಟರ್ ದಾಟುತ್ತದೆ, ಸುತ್ತಿನ ಕಾಲು ಭಾಗ. ಗಾಡಿ ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋದಂತೆ ಕಾಣುತ್ತದೆ. ಮೂರು ಬೋಗಿ ಸಾಕು.

ಸೇತುವೆ ಕಟ್ಟಿ ಒಂದರ ಮೇಲೊಂದು ಹಾಯಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಶೇ. 2ರ ಏರಿನಲ್ಲಿ 25 ಸೆಂ.ಮೀ. ಹತ್ತಲು 12.5 ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ. ಎಡ ತಿರುವಿನಿಂದ ನೇರವಾಗಿ ಬಲ ತಿರುವಿಗೆ ಹೋಗಬೇಡಿ. ನಡುವೆ ಕನಿಷ್ಠ ಒಂದು ಬೋಗಿಯುದ್ದ ನೇರ ಹಳಿ ಇರಲಿ. ಪಾಯಿಂಟ್ (ಹಳಿ ಕವಲೊಡೆಯುವ ತುಂಡು) ಹಾಕುವುದಿದ್ದರೆ ಆರ್3 ಪಾಯಿಂಟ್ ತೆಗೆದುಕೊಳ್ಳಿ. ಆರ್1 ಪಾಯಿಂಟ್ ಅಗ್ಗ, ಆದರೆ ಅಷ್ಟು ಉದ್ದದ ಎಂಜಿನ್ನಿಗೆ ಅದು ದಿನವೂ ತಂಟೆ.

ಗಾರೆ_ಗುರು, ಬೆಂಗಳೂರು

ಮೊಳೆ ಬೇಡ ಎಂದ ಮನೆಯವರು ಹೇಳಿದ್ದು ಸರಿ. ವಾಟರ್‌ಪ್ರೂಫಿಂಗ್ ಪದರಕ್ಕೆ ಒಂದು ತೂತು ಬಿದ್ದರೂ ನೀರು ಇನ್ನೆಲ್ಲೋ ಇಳಿಯುತ್ತದೆ. ಎಲ್ಲವನ್ನೂ ಭಾರದ ಮೇಲೆಯೇ ನಿಲ್ಲಿಸಬಹುದು.

4 ಇಂಚಿನ ಸಾಲಿಡ್ ಬ್ಲಾಕ್ ತನ್ನಿ, 16×8×4 ಇಂಚು, ಒಂದು ಹದಿನಾರು–ಹದಿನೇಳು ಕೆ.ಜಿ. ಮಲಗಿಸಿ ಇಡಿ, 60 ಸೆಂ.ಮೀ.ಗೆ ಒಂದರಂತೆ. 16.6 ಮೀಟರಿಗೆ 28 ಬ್ಲಾಕ್, ಒಟ್ಟು ಸುಮಾರು 475 ಕೆ.ಜಿ. ಕೇಳಲು ಜಾಸ್ತಿ ಎನಿಸಿದರೂ ಮೀಟರಿಗೆ 30 ಕೆ.ಜಿ. ಒಳಗೇ ಇದೆ. ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೊರುವಂತೆ ವಿನ್ಯಾಸ ಮಾಡುವುದು ವಾಡಿಕೆ. ಎತ್ತರ ಬೇಕೆಂದು ಎರಡು ಮೂರು ಸಾಲು ಪೇರಿಸಬೇಡಿ. ಪ್ರತಿ ಬ್ಲಾಕಿನ ಅಡಿಗೆ ರಬ್ಬರ್ ಮ್ಯಾಟಿನ ತುಂಡು ಹಾಕಿ, ಇಲ್ಲದಿದ್ದರೆ ಬ್ಲಾಕಿನ ಅಂಚೇ ಪದರವನ್ನು ಕೊರೆಯುತ್ತದೆ.

ಅದರ ಮೇಲೆ 18 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್, 20 ಸೆಂ.ಮೀ. ಅಗಲದ ಪಟ್ಟಿ. 8×4 ಅಡಿಯ ಒಂದು ಹಾಳೆಯಲ್ಲಿ ಆರು ಪಟ್ಟಿ ಬರುತ್ತದೆ, ತಿರುವಿಗೆ ಓರೆ ಕತ್ತರಿಸುವಾಗ ಹಾಳಾಗುವುದೂ ಸೇರಿ ಎರಡು ಹಾಳೆ ಬೇಕು. ಕತ್ತರಿಸುವಾಗ ಮಾಸ್ಕ್ ಹಾಕಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸ್ಕ್ರೂಗೆ ಮೊದಲು ಡ್ರಿಲ್ ಮಾಡಿ, ಅಂಚಿನಿಂದ 25 ಮಿ.ಮೀ. ಒಳಗೆ, ಅಂಚಿಗೆ ಹಾಕಿದರೆ ಚಕ್ಕೆ ಎದ್ದುಬರುತ್ತದೆ. ಪ್ಲೈವುಡ್ ಬೇಡವೇ ಬೇಡ. ಮರೀನ್ ಪ್ಲೈ ಆದರೂ ಕತ್ತರಿಸಿದ ಅಂಚಿನಿಂದ ನೀರು ಕುಡಿದು ಪದರ ಬಿಡುತ್ತದೆ.

ತಾರಸಿ ಸಮತಟ್ಟಾಗಿ ಕಂಡರೂ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. 100ಕ್ಕೆ 1 ಎಂದರೂ 7 ಮೀಟರಿನಲ್ಲಿ 7 ಸೆಂ.ಮೀ. ವ್ಯತ್ಯಾಸ. ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು, ಟೈಲ್ಸ್ ಚೂರು ಕೊಟ್ಟು ಸರಿಮಾಡಿ. ಉದ್ದಕ್ಕೆ ಸ್ವಲ್ಪ ಏರಿಳಿತ ಇದ್ದರೆ ನಡೆಯುತ್ತದೆ, ಅಡ್ಡಕ್ಕೆ ಮಾತ್ರ ನಡೆಯದು. ಒಂದು ಹಳಿ 1 ಮಿ.ಮೀ. ತಗ್ಗಿದರೆ 20 ಸೆಂ.ಮೀ. ಎತ್ತರದ ಬೋಗಿಯ ನೆತ್ತಿ 4 ಮಿ.ಮೀ.ಗೂ ಹೆಚ್ಚು ವಾಲುತ್ತದೆ.

ಈಗ ಬಿಸಿಲು. ಹಿತ್ತಾಳೆ ಹಳಿ ಡಿಸೆಂಬರ್ ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸ ಕಂಡರೆ 10 ಮೀಟರಿಗೆ 7.6 ಮಿ.ಮೀ. ಹಿಗ್ಗುತ್ತದೆ. 1.5 ಮೀಟರ್ ತುಂಡಿಗೆ 1 ಮಿ.ಮೀ. ಚಿಲ್ಲರೆ. ತಂಪು ಹೊತ್ತಿನಲ್ಲಿ ಹಾಸುತ್ತಿದ್ದರೆ ಪ್ರತಿ ಕೂಡಿಗೂ (ಎರಡು ತುಂಡು ಸೇರುವ ಜಾಗ) 1 ಮಿ.ಮೀ. ಸಂದು ಬಿಡಿ, ಮಟಮಟ ಮಧ್ಯಾಹ್ನ ಹಾಸುತ್ತಿದ್ದರೆ ಸಂದು ಬೇಕಿಲ್ಲ. ಸ್ಲೀಪರ್ ಪಟ್ಟಿಯನ್ನು ಎಲ್ಲ ಕಡೆ ಬಿಗಿಯಾಗಿ ಸ್ಕ್ರೂ ಮಾಡುವುದು ಸಾಮಾನ್ಯ ತಪ್ಪು. ಹಿಗ್ಗಲು ಜಾಗವಿಲ್ಲದೆ ಹಳಿ ಹಾವಿನಂತೆ ಡೊಂಕಾಗುತ್ತದೆ. ಪ್ರತಿ ನೇರ ಭಾಗದ ನಡುವಿನಲ್ಲಿ ಒಂದು ಕಡೆ ಮಾತ್ರ ಬಿಗಿ ಮಾಡಿ, ಉಳಿದೆಡೆ ಉದ್ದ ತೂತು, ಸಡಿಲ ಸ್ಕ್ರೂ.

ಜಲ್ಲಿ ಹಾಕಿದರೆ ಚಂದ, ಆದರೆ ತಾರಸಿಯಲ್ಲಿ ಬೇಡ. ಮೊದಲ ಜೋರು ಮಳೆಗೆ ಅದೆಲ್ಲ ಹೋಗಿ ನೀರಿಳಿಯುವ ಪೈಪಿನ ಬಾಯಿ ಕಟ್ಟುತ್ತದೆ. ಬೋರ್ಡಿಗೆ ಬೂದು ಬಣ್ಣ ಹೊಡೆದು ಬಿಡಿ. ಅಂಗಳದಲ್ಲಿ ಹಾಸುವವರಿಗೆ ಬೇರೆ ದಾರಿ: 15 ಸೆಂ.ಮೀ. ಆಳದ ಕಾಲುವೆ ತೋಡಿ, 6 ಮಿ.ಮೀ. ಜಲ್ಲಿ ತುಂಬಿ, ದಮ್ಮಾಸು ಹೊಡೆದು, ಅದರ ಮೇಲೆ ಹಳಿಯನ್ನು ತೇಲಿಸಿಬಿಡುವುದು.

ಹುಬ್ಬಳ್ಳಿ_ಲೋಕೊ

ಹಳಿಗೆ ಕರೆಂಟ್ ಕೊಡೂ ಉಸಾಬರಿನ ಬ್ಯಾಡ್ರಿ. ಬಿಸಲಾಗ, ಮಳಿಯಾಗ ಹಿತ್ತಾಳಿ ಕಪ್ಪಾಗತೈತಿ, ಗಾಡಿ ಬಿಡೂ ಮುಂದ ಪ್ರತಿ ಸಲ ತಿಕ್ಕಬೇಕು. ಟೆಂಡರ್‌ನ್ಯಾಗ (ಎಂಜಿನ್ ಹಿಂದಿನ ಕಲ್ಲಿದ್ದಲ ಗಾಡಿ) ಬ್ಯಾಟರಿ ಇಟ್ಟು ರೇಡಿಯೊ ರಿಮೋಟ್ ಮ್ಯಾಲ ಓಡಸ್ರಿ.

ಬೇಕಾಗೂದು ಇಷ್ಟ: 18650 ಲಿಥಿಯಂ ಸೆಲ್ ನಾಕು, ಸಾಲಾಗಿ ಜೋಡಿಸಿದ್ದು. 14.8 ವೋಲ್ಟ್ ಅಂತಾರ, ತುಂಬಿದಾಗ 16.8. ಜತಿಗೆ ನಾಕು ಸೆಲ್ಲಿನ ಬಿಎಂಎಸ್ (ಸೆಲ್ ಕಾಯೂ) ಬೋರ್ಡ್, ಒಂದು ಸ್ವಿಚ್, ಚಾರ್ಜಿಂಗ್ ಸಾಕೆಟ್, 5 ಆಂಪಿಯರ್ ಫ್ಯೂಸ್, ಮೋಟಾರ್ ಕಂಟ್ರೋಲರ್, ರಿಸೀವರ್. ನಾಕು ಸೆಲ್ಲಿನ ತೂಕ 200 ಗ್ರಾಂ ದಾಟೂದಿಲ್ಲ, ಟೆಂಡರಿಗೆ ಭಾರ ಅಲ್ಲ. 2600 ಎಂಎಎಚ್ ಸೆಲ್ ಹಾಕಿದ್ರ, ಎಂಜಿನ್ 1 ಆಂಪಿಯರ್ ಎಳದ್ರ, ಎರಡು ತಾಸು ಆರಾಮ ಓಡತೈತಿ.

24 ವೋಲ್ಟಿನ ಮೋಟಾರಿಗೆ 14.8 ಸಾಕಾಗತೈತೇನು ಅಂತ ಕೇಳ್ತಾರ. ಪೂರ್ತಿ ವೇಗದ ಅರವತ್ತು ಪರ್ಸೆಂಟ್ ಸಿಗತೈತಿ. ಮೀಟರ್‌ಗೇಜ್ ಪ್ಯಾಸೆಂಜರ್ ಅದಕ್ಕಿಂತ ಜೋರ ಓಡಿದ್ರ ನೋಡಾಕ ಚಂದ ಇರೂದಿಲ್ರಿ.

ಒಂದು ಮಾತು ಮರೀಬ್ಯಾಡ್ರಿ: ಚಕ್ರದಿಂದ ಮೋಟಾರಿಗೆ ಬರೂ ವಾಯರ್ ಕಡದ ಹಾಕ್ರಿ. ಅದು ಹಂಗ ಇದ್ದು, ಕರೆಂಟ್ ಇರೂ ಹಳಿ ಮ್ಯಾಲ ಇಟ್ರ ಕಂಟ್ರೋಲರ್ ಸುಡತೈತಿ. ಇನ್ನ ಚಾರ್ಜಿಂಗ್: ಬಿಸಲಾಗ ಕಾದ ಎಂಜಿನ್ ತಂದು ಸೀದಾ ಚಾರ್ಜಿಗೆ ಹಚ್ಚಬ್ಯಾಡ್ರಿ. ಲಿಥಿಯಂ ಸೆಲ್ 45 ಡಿಗ್ರಿ ಮ್ಯಾಲ ಇದ್ದಾಗ ಚಾರ್ಜ್ ಮಾಡೂದು ಅಪಾಯ. ತಣ್ಣಗಾಗೂ ತನಕ ಕಾಯ್ರಿ.

ಹಳಿಲೆಕ್ಕ

ಹುಬ್ಬಳ್ಳಿಯವರ ಮಾತು 100 ಮೀಟರ್ ತೋಟದ ಲೈನಿಗೆ ಪೂರ್ತಿ ಒಪ್ಪುತ್ತೇನೆ. 16.6 ಮೀಟರ್ ಸುತ್ತಿಗೆ ಹಳಿಯ ಕರೆಂಟೂ ಕಷ್ಟವಲ್ಲ.

ಕೆಡುವುದು ಹಳಿಗಿಂತ ಹೆಚ್ಚಾಗಿ ಕೂಡಿಗಳು. 30 ಸೆಂ.ಮೀ. ತುಂಡುಗಳಿಂದ ಹಾಸಿದರೆ ಎರಡೂ ಹಳಿ ಸೇರಿ 110 ಕೂಡಿ, 1.5 ಮೀಟರ್ ಹಳಿಯಲ್ಲಿ 22–24. ಪ್ರತಿ ಕೂಡಿಗೂ ಸ್ಕ್ರೂ ಬಿಗಿಯುವ ಹಿತ್ತಾಳೆ ಕ್ಲ್ಯಾಂಪ್ ಹಾಕಿ. ಬರೀ ತೂರಿಸುವ ಜಾಯ್ನರ್ ಒಂದೇ ಮಳೆಗಾಲದಲ್ಲಿ ಒಳಗೆ ಹಸಿರುಗಟ್ಟುತ್ತದೆ. ಕ್ಲ್ಯಾಂಪ್ ಬಿಗಿದರೆ ಹಿಗ್ಗುವ ಸಂದು ಕೆಲಸ ಮಾಡುವುದಿಲ್ಲ, ಹಾಗಾಗಿ ಪ್ರತಿ ನೇರ ಭಾಗದಲ್ಲಿ ಒಂದು ಕೂಡಿಯನ್ನು ಜಾರುವಂತೆ ಬಿಟ್ಟು, ಅದರ ಆಚೀಚೆಗೆ ಮೆತ್ತನೆಯ ವೈರ್ ಬೆಸುಗೆ ಹಾಕಿ.

ವೈರ್ ದಪ್ಪ ಮುಖ್ಯ. 20 ಮೀಟರ್ ದೂರಕ್ಕೆ ಹೋಗಿ ಬರುವ 40 ಮೀಟರ್ ತಾಮ್ರದಲ್ಲಿ 3 ಆಂಪಿಯರ್ ಹರಿದರೆ, 2.5 ಚದರ ಮಿ.ಮೀ. ವೈರಿನಲ್ಲಿ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ, 0.75ರ ವೈರಿನಲ್ಲಿ 3 ವೋಲ್ಟ್. ದೂರದ ತಿರುವಿನಲ್ಲಿ ಗಾಡಿ ಸುಸ್ತಾಗುವುದು ಅದಕ್ಕೆ. 24 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಇಳಿಸಿಕೊಡುವ ಪೆಟ್ಟಿಗೆ), ಅದರ ಮುಂದೆ ಪಿಡಬ್ಲ್ಯೂಎಂ ಕಂಟ್ರೋಲರ್ (ಕರೆಂಟನ್ನು ಬೇಗಬೇಗ ಕೊಟ್ಟು ಕಡಿದು ವೇಗ ಹಿಡಿತದಲ್ಲಿಡುವುದು) ಸಾಕು. ಪಿಡಬ್ಲ್ಯೂಎಂ ಆವರ್ತನ 16 ಕಿಲೋಹರ್ಟ್ಸ್‌ಗಿಂತ ಮೇಲಿರಲಿ. ಕಡಿಮೆ ಇದ್ದರೆ ಮೋಟಾರ್ ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ. ಎಸ್‌ಎಂಪಿಎಸ್ ಮೆಟ್ಟಿಲ ಕೋಣೆಯೊಳಗೇ ಇರಬೇಕು. ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಬೇಕು, ಇದರಲ್ಲಿ ರಾಜಿ ಇಲ್ಲ.

ಹಳಿ ತಿಕ್ಕಲು ನೈಲಾನ್ ಸ್ಕ್ರಬ್ಬರ್ ಪ್ಯಾಡನ್ನು ಕೋಲಿಗೆ ಕಟ್ಟಿಕೊಳ್ಳಿ. ಮರಳುಕಾಗದ ಗೀರು ಬಿಡುತ್ತದೆ, ಗೀರಿನಲ್ಲಿ ಕೊಳೆ ಬೇಗ ಕೂರುತ್ತದೆ. ಸ್ಟೀಲ್ ವುಲ್ ಅದಕ್ಕಿಂತ ಕೆಟ್ಟದ್ದು: ಎಳೆಗಳು ಮೋಟಾರಿನ ಅಯಸ್ಕಾಂತಕ್ಕೆ ಅಂಟಿ ಒಳಗೆ ಶಾರ್ಟ್ ಮಾಡುತ್ತವೆ.

ತಾರಸಿವಾಸಿ, ಮೈಸೂರು

ಎಲ್ಲರಿಗೂ ಧನ್ಯವಾದ. 1.5 ಮೀಟರ್ ತಿರುವು, ಮೂರು ಬೋಗಿ, ಬ್ಯಾಟರಿ, ಇಷ್ಟು ನಿರ್ಧಾರವಾಯಿತು. ಇನ್ನೆರಡು ಪ್ರಶ್ನೆ. ಮುಂದೆಂದಾದರೂ ಇದೇ ಹಳಿಯ ಮೇಲೆ ನಿಜವಾದ ಉಗಿ ಎಂಜಿನ್ ಓಡಿಸಬಹುದೇ? ಚಾಸಿಗಾಗಿ ಹಳೆಯ ಎಂಜಿನ್ ಕೊಳ್ಳುವಾಗ ಏನು ನೋಡಬೇಕು?

ತಿರುವು_ತ್ರಿಜ್ಯ, ಸ್ಟಟ್‌ಗಾರ್ಟ್

ಉಗಿ ಎಂಜಿನ್ ಓಡಿಸಬಹುದು. ಬ್ಯಾಟರಿ ಆರಿಸಿದ್ದರಿಂದ ಇನ್ನೂ ಸುಲಭ. ಎಷ್ಟೋ ಉಗಿ ಎಂಜಿನ್‌ಗಳ ಎಡ–ಬಲ ಚಕ್ರಗಳ ನಡುವೆ ಇನ್ಸುಲೇಶನ್ ಇರುವುದಿಲ್ಲ. ಕರೆಂಟಿರುವ ಹಳಿಯ ಮೇಲೆ ಇಟ್ಟರೆ ನೇರ ಶಾರ್ಟ್. ಸಣ್ಣ ಉಗಿ ಎಂಜಿನ್‌ಗಳು ಬ್ಯುಟೇನ್ ಗ್ಯಾಸಿನಲ್ಲಿ ಓಡುತ್ತವೆ, ಒಂದು ಸಲ ತುಂಬಿದರೆ ಸುಮಾರು ಅರ್ಧ ಗಂಟೆ. ಡಿಸ್ಟಿಲ್ಡ್ ನೀರು, ಉಗಿ ಸಿಲಿಂಡರಿಗೆಂದೇ ಬರುವ ದಪ್ಪ ಎಣ್ಣೆ ಬೇಕು. ಬೈಕಿನ ಎಣ್ಣೆ ಆಗದು. ಗ್ಯಾಸ್ ತುಂಬುವಾಗ ಹತ್ತಿರ ಬೆಂಕಿ ಇರಬಾರದು, ಎಂಜಿನ್ ತಣ್ಣಗಿರಬೇಕು. ಬ್ಯುಟೇನ್ ಟ್ಯಾಂಕಿನ ಒತ್ತಡ 20 ಡಿಗ್ರಿಯಲ್ಲಿ 1 ಬಾರ್ ಆಸುಪಾಸು, 40 ಡಿಗ್ರಿಯಲ್ಲಿ ಎರಡೂವರೆ ದಾಟುತ್ತದೆ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ಬೇಡ, ಬೆಳಗ್ಗೆ ಏಳಕ್ಕೆ ಓಡಿಸಿ. ಗಾಳಿಗೆ ಬರ್ನರ್ ಆರುವುದೂ ಆಗ ಕಡಿಮೆ.

ಹಳೆಯ ಎಂಜಿನ್ ವಿಚಾರ. ಕೈಯಲ್ಲಿ ತಿರುಗಿಸಿ ಹಿಂದೆ ಮುಂದೆ ನೋಡಿ. ಪ್ರತಿ ಸುತ್ತಿಗೆ ಒಂದು ಸಲ ಟಕ್ ಎಂದರೆ ಆಕ್ಸಲಿನ ಪ್ಲಾಸ್ಟಿಕ್ ಹಲ್ಲುಚಕ್ರ ಸೀಳಿದೆ. ಬಿಡಿಭಾಗ ಸಿಗುವುದು ಖಾತ್ರಿ ಇದ್ದರೆ ಮಾತ್ರ ತೆಗೆದುಕೊಳ್ಳಿ. ಒಂಟಿ ಎಂಜಿನ್ ಸಮತಟ್ಟು ಹಳಿಯಲ್ಲಿ 1 ಆಂಪಿಯರ್‌ಗಿಂತ ಹೆಚ್ಚು ಎಳೆದರೆ ಒಳಗಿನ ಗ್ರೀಸ್ ಮೇಣದಂತೆ ಗಟ್ಟಿಯಾಗಿರುವ ಸಾಧ್ಯತೆಯೇ ಹೆಚ್ಚು. ಅದು ದೊಡ್ಡ ದೋಷವಲ್ಲ: ಬಿಚ್ಚಿ, ತೊಳೆದು, ಪ್ಲಾಸ್ಟಿಕ್ಕಿಗೆ ಒಗ್ಗುವ ಹೊಸ ಗ್ರೀಸ್ ಹಾಕಿದರಾಯಿತು. ಚಕ್ರದ ರಬ್ಬರ್ ಪಟ್ಟಿ ಒಣಗಿ ಬಿರಿದಿದ್ದರೆ ಬದಲಿಸಿ.

ಕೊನೆಗೆ ಕ್ಯಾಲಿಪರ್‌ನಿಂದ ಚಕ್ರಗಳ ಒಳಮೈಗಳ ನಡುವಿನ ಅಂತರ ಅಳೆಯಿರಿ. 40 ಮಿ.ಮೀ. ಆಸುಪಾಸು ಇರಬೇಕು. ತೀರಾ ಕಿರಿದಾಗಿದ್ದರೆ ಚಕ್ರ ಪಾಯಿಂಟಿನ ಕಾವಲು ಹಳಿಗೆ ಸಿಕ್ಕಿ ಮೇಲೇಳುತ್ತದೆ, ತೀರಾ ಅಗಲವಾಗಿದ್ದರೆ ಪಾಯಿಂಟಿನ ಮೂತಿಗೆ ಗುದ್ದುತ್ತದೆ. ಬೇರೆ ಬೇರೆ ತಯಾರಕರ ಬೋಗಿ ಬೆರೆಸುವವರು ಇದನ್ನು ಪ್ರತಿಯೊಂದಕ್ಕೂ ಮಾಡಬೇಕು.

ಹೊರದೇಶದಿಂದ ತರಿಸುವುದಿದ್ದರೆ ಸುಂಕ ನೋಡಿಕೊಂಡೇ ಆರ್ಡರ್ ಮಾಡಿ. 2023ರ ಬಜೆಟ್‌ನಲ್ಲಿ ಆಟಿಕೆಗಳ ಮೂಲ ಸುಂಕವನ್ನು ಶೇ. 60ರಿಂದ 70ಕ್ಕೆ ಏರಿಸಿದ್ದರು. ಮಾದರಿ ರೈಲು ಅದೇ ಆಟಿಕೆ ವರ್ಗದಲ್ಲಿ ಬರುತ್ತದೆ. ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಆ ದಿನದ ದರ ಕೇಳಿಕೊಳ್ಳಿ.

ತಾರಸಿವಾಸಿ, ಮೈಸೂರು

ಹಳಿ ಬಾಗಿಸುವಾಗ ಎರಡೂ ಹಳಿ ಒಂದೇ ಉದ್ದ ಇರುವುದಿಲ್ಲ ಅಲ್ಲವೇ? ಎಷ್ಟು ಕತ್ತರಿಸಬೇಕು?

ಹಳಿಲೆಕ್ಕ

ಹಳಿಗಳ ನಡುಗೆರೆಯಿಂದ ನಡುಗೆರೆಗೆ ಸುಮಾರು 48 ಮಿ.ಮೀ. ಇರುತ್ತದೆ. ಅರ್ಧವೃತ್ತಕ್ಕೆ ಒಳಹಳಿ ಹೊರಹಳಿಗಿಂತ 48 × 3.14, ಅಂದರೆ 15 ಸೆಂ.ಮೀ. ಕಡಿಮೆ ಬೇಕು. ತ್ರಿಜ್ಯ ಎಷ್ಟೇ ಇದ್ದರೂ ಈ ವ್ಯತ್ಯಾಸ ಬದಲಾಗುವುದಿಲ್ಲ. ಮೊದಲೇ ಕತ್ತರಿಸಬೇಡಿ. ಬೋರ್ಡಿನ ಮೇಲೆ ದಾರ, ಸೀಮೆಸುಣ್ಣದಿಂದ 1.5 ಮೀಟರ್ ಗೆರೆ ಎಳೆದು, ಎರಡೂ ಹಳಿಯನ್ನು ಸ್ಲೀಪರಿಗೆ ತೂರಿಸಿ, ಬಾಗಿಸುವ ಉಪಕರಣವನ್ನು ಒಂದೇ ಸಲಕ್ಕೆ ಬಿಗಿಯದೆ ಮೂರು ನಾಲ್ಕು ಸುತ್ತಿನಲ್ಲಿ ಎಳೆಯಿರಿ. ತುಂಡಿನ ಎರಡು ತುದಿಯ 5–6 ಸೆಂ.ಮೀ. ಉಪಕರಣಕ್ಕೆ ಸಿಗದೆ ನೇರವಾಗಿಯೇ ಉಳಿಯುತ್ತದೆ. ಕೂಡಿಯಲ್ಲಿ ಕೋನ ಬಂದು ಎಂಜಿನ್ ಹಾರುವುದು ಅಲ್ಲಿಯೇ. ಎರಡು ತುಂಡುಗಳನ್ನು ಮೊದಲು ಕ್ಲ್ಯಾಂಪಿನಿಂದ ಸೇರಿಸಿಕೊಂಡು ಕೂಡಿಯ ಮೇಲೇ ಎಳೆದು ಬಾಗಿಸಿ, ಆಮೇಲೆ ಚಾಚಿದ ಒಳಹಳಿಯನ್ನು ಗರಗಸದಿಂದ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ.